ಒಮ್ಮೆಗೆ ಎಷ್ಟು ಮೀಟರ್ ಅಗೆಯಬೇಕು? ಉಡುಪಿ ಪೇಟೆ ಮಾರ್ಗದ ಲೆಕ್ಕ

ಪೇಟೆಯಲ್ಲಿ ಮಾರ್ಗ ಅಗೆದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ, ‘ಇದು ಯಾವಾಗ ಮುಗಿಯುತ್ತದೆ?’ ಅದಕ್ಕಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಒಮ್ಮೆಗೆ ಎಷ್ಟು ಮೀಟರ್ ಅಗೆಯುತ್ತೀರಿ? ಕಾಮಗಾರಿಯ ಫಲಕದಲ್ಲಿ ಒಟ್ಟು ಉದ್ದ ಇರುತ್ತದೆ, ಮೊತ್ತ ಇರುತ್ತದೆ, ಮುಗಿಸಬೇಕಾದ ತಾರೀಕೂ ಇರುತ್ತದೆ. ಒಂದು ದಿನ ಬೆಳಗ್ಗೆ ಪೇಟೆಗೆ ಬಂದವರ ಎದುರು ಎಷ್ಟು ಉದ್ದದ ಹೊಂಡ ತೆರೆದಿರುತ್ತದೆ ಎನ್ನುವುದು ಮಾತ್ರ ಹೆಚ್ಚಿನ ಕಡೆ ಬರೆದಿರುವುದಿಲ್ಲ. ಹಿಟಾಚಿ ಬಾಡಿಗೆಗೆ ಬಂದಿದೆ, ಸಂಜೆಯೊಳಗೆ ಆದಷ್ಟು ತೋಡಿಬಿಡೋಣ ಎನ್ನುವ ಅವಸರವೇ ಆ ಉದ್ದವನ್ನು ತೀರ್ಮಾನಿಸುತ್ತದೆ. ಟ್ರಾಫಿಕ್ ಬ್ಲಾಕ್, ಅಂಗಡಿಗಳ ವ್ಯಾಪಾರ ನಷ್ಟ, ಮೊದಲ ಮಳೆಗೇ ಕೂರುವ ಮಾರ್ಗ, ಈ ಮೂರೂ ಆ ಒಂದು ಅಳತೆಗೆ ಅಂಟಿಕೊಂಡಿವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹೇಗೆ ಎಂದು ಬಿಡಿಸಿ ನೋಡೋಣ.

ಮೊದಲು ಸಂಚಾರದ ಲೆಕ್ಕ. ಮಾರ್ಗದ ಅರ್ಧ ಭಾಗ ಅಗೆದಿದ್ದಾರೆ, ಉಳಿದರ್ಧದಲ್ಲಿ ಒಂದು ಕಡೆಯವರನ್ನು ತಡೆದು ಇನ್ನೊಂದು ಕಡೆಯವರನ್ನು ಬಿಡುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಅಂಥ ಇಕ್ಕಟ್ಟಿನಲ್ಲಿ ವಾಹನದ ವೇಗ ಗಂಟೆಗೆ 15 ಕಿ.ಮೀ. ದಾಟುವುದು ಕಷ್ಟ, ಅಂದರೆ ಸೆಕೆಂಡಿಗೆ ನಾಲ್ಕು ಮೀಟರಿಗೆ ಸ್ವಲ್ಪ ಮೇಲೆ. ಅಗೆದ ಉದ್ದ 100 ಮೀಟರ್ ಆದರೆ, ಕೆಂಪು ಬಾವುಟ ತೋರಿಸಿದ ಮೇಲೆ ಒಳಗಿರುವ ಕೊನೆಯ ವಾಹನ ಹೊರಬೀಳಲು ಸುಮಾರು 25 ಸೆಕೆಂಡ್ ಬೇಕು. ಅಷ್ಟು ಹೊತ್ತು ಎರಡೂ ಕಡೆಯವರು ಸುಮ್ಮನೆ ನಿಂತಿರಬೇಕು. ಎರಡೂ ಕಡೆಯವರನ್ನು ಒಂದೊಂದು ಸಲ ಬಿಡುವ ಒಂದು ಸುತ್ತಿನಲ್ಲಿ ಹೀಗೆ ಎರಡು ಸಲ, 50 ಸೆಕೆಂಡ್ ಹೋಯಿತು. ಸುತ್ತು ಎರಡು ನಿಮಿಷದ್ದಾದರೆ ವಾಹನ ಬಿಡಲು ಉಳಿಯುವುದು 70 ಸೆಕೆಂಡ್. ಎರಡು ಸೆಕೆಂಡಿಗೆ ಒಂದು ವಾಹನದಂತೆ ಹಿಡಿದರೆ ಸುತ್ತಿಗೆ 35, ಗಂಟೆಗೆ 1,050.

ಈಗ ಅದೇ ಉದ್ದವನ್ನು 200 ಮೀಟರ್ ಮಾಡಿ. ಖಾಲಿ ಹೋಗುವ ಹೊತ್ತು ಸುತ್ತಿಗೆ 100 ಸೆಕೆಂಡ್ ಆಯಿತು. ಉಳಿದ 20 ಸೆಕೆಂಡಿನಲ್ಲಿ ದಾಟುವುದು ಹತ್ತು ವಾಹನ, ಗಂಟೆಗೆ 300. ಅಗೆತ ಎರಡು ಪಟ್ಟು ಉದ್ದವಾದದ್ದಕ್ಕೆ ದಾಟುವ ವಾಹನಗಳ ಸಂಖ್ಯೆ ಮೂರನೇ ಒಂದಕ್ಕಿಂತಲೂ ಕೆಳಗೆ ಬಿತ್ತು. ಮತ್ತೆ 1,050 ಬೇಕೆಂದರೆ ಸುತ್ತನ್ನು ನಾಲ್ಕು ನಿಮಿಷಕ್ಕೆ ಏರಿಸಬೇಕು. ಆಗ ಒಂದು ದಿಕ್ಕಿನವರು 170 ಸೆಕೆಂಡ್ ಕಾಯುತ್ತಾರೆ, ಅಷ್ಟರಲ್ಲಿ 25 ವಾಹನ ಸೇರಿರುತ್ತವೆ. ವಾಹನಕ್ಕೆ 6 ಮೀಟರ್ ಹಿಡಿದರೂ ಸಾಲು 150 ಮೀಟರ್. ನಡುವೆ ಎರಡು ಬಸ್ಸು ಸೇರಿಕೊಂಡರೆ ಇನ್ನೂ ಉದ್ದ.

ಆ ಸಾಲಿನ ಬಾಲ ಎಲ್ಲಿಗೆ ಮುಟ್ಟುತ್ತದೆ ಎನ್ನುವುದೇ ಮುಖ್ಯ. ಕಲ್ಸಂಕವನ್ನೇ ತೆಗೆದುಕೊಳ್ಳಿ. ಬಸ್ ನಿಲ್ದಾಣದ ಕಡೆಯಿಂದ ಮಣಿಪಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎ, ಕೃಷ್ಣ ಮಠದ ಪಾರ್ಕಿಂಗ್ ಕಡೆಯ ಮಾರ್ಗ, ಗುಂಡಿಬೈಲು–ಅಂಬಾಗಿಲು ಮಾರ್ಗ ಎಲ್ಲವೂ ಅಲ್ಲಿ ಕೂಡುತ್ತವೆ. ಕಡಿಯಾಳಿ ಕಡೆ ಅಗೆದ ಜಾಗದ ಸಾಲು ಕಲ್ಸಂಕದ ಚೌಕಕ್ಕೆ ಮುಟ್ಟಿತೆಂದರೆ, ಕಡಿಯಾಳಿಗೆ ಹೋಗುವ ಅಗತ್ಯವೇ ಇಲ್ಲದ ಗುಂಡಿಬೈಲಿನ ರಿಕ್ಷಾ, ಮಠದಿಂದ ಹೊರಟ ಯಾತ್ರಿಕರ ಬಸ್ಸು ಎಲ್ಲವೂ ನಿಲ್ಲುತ್ತವೆ. ನಿಂತವು ಚೌಕವನ್ನು ಮುಚ್ಚುತ್ತವೆ, ಚೌಕ ಮುಚ್ಚಿದ್ದರಿಂದ ಎದುರು ದಿಕ್ಕಿನವೂ ಹೊರಬರಲಾರವು. ಅಗೆದ ಜಾಗದಲ್ಲಿ ಬಾವುಟ ಹಿಡಿದವನು ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಆಮೇಲೆ ಪ್ರಯೋಜನವಿಲ್ಲ. ಮುಂದೆ ಹೋದರೆ ಇಂದ್ರಾಳಿಯಲ್ಲಿ ಕೊಂಕಣ ರೈಲ್ವೆ ಹಳಿ ದಾಟಬೇಕು. ಅದರಾಚೆ ಮಣಿಪಾಲದ ಆಸ್ಪತ್ರೆ. ಕರಾವಳಿಯಿಂದಲೂ ಘಟ್ಟದ ಮೇಲಿಂದಲೂ ಆಂಬುಲೆನ್ಸ್ ಬರುವ ಜಾಗ. ಆದ್ದರಿಂದ ಇಲ್ಲಿ ಕೆಲಸದ ಉದ್ದವನ್ನು ನಿಶ್ಚಯಿಸುವಾಗ ಹಿಂದಿನ ಚೌಕದವರೆಗೆ ಎಷ್ಟು ಮೀಟರ್ ಖಾಲಿ ಇದೆ ಎಂದು ಟೇಪು ಹಿಡಿದು ಅಳೆಯಬೇಕು. ಸಾಲು ಆ ಅಂತರದೊಳಗೆ ಮುಗಿಯುವಂತೆ ಅಗೆತ ಇರಬೇಕು.

ಇನ್ನು ಪಾರ್ಕಿಂಗ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 1990ರ ಐಆರ್‌ಸಿ 106 ಕೈಪಿಡಿಯ ಪ್ರಕಾರ, ಎರಡೂ ದಿಕ್ಕಿನ ಸಂಚಾರವಿರುವ ದ್ವಿಪಥ ನಗರ ರಸ್ತೆಯಲ್ಲಿ ಬದಿಯಲ್ಲಿ ವಾಹನ ನಿಲ್ಲದೆ, ಅಂಗಡಿ ಬಾಗಿಲುಗಳು ನೇರ ತೆರೆಯದೆ, ಅಡ್ಡ ಸಂಚಾರ ಕಡಿಮೆ ಇದ್ದರೆ ಗಂಟೆಗೆ 1,500 ಕಾರಿನ ಲೆಕ್ಕ ಹಿಡಿಯಬಹುದು. ಬದಿಯಲ್ಲಿ ವಾಹನ ನಿಂತು, ಅಂಗಡಿಗಳು ಮಾರ್ಗಕ್ಕೇ ತೆರೆದು, ಅಡ್ಡ ಸಂಚಾರ ಹೆಚ್ಚಾದರೆ 900. ಅಂಗಡಿಗಳನ್ನು ಎತ್ತಿ ಬೇರೆ ಕಡೆ ಇಡಲಾಗದು; ಪಾರ್ಕಿಂಗ್ ತೆಗೆಯಬಹುದು. ಕೆಲಸ ನಡೆಯುವ ಉದ್ದ ಮತ್ತು ಅದರ ಎರಡೂ ತುದಿಯಿಂದ 50 ಮೀಟರ್, ಇಷ್ಟು ಜಾಗದಲ್ಲಿ ಸ್ಕೂಟರೂ ನಿಲ್ಲದಂತೆ ನೋಡಿಕೊಂಡರೆ ಬಸ್ಸು ಮತ್ತು ಲಾರಿ ಒಂದನ್ನೊಂದು ದಾಟುವ ಜಾಗ ಸಿಗುತ್ತದೆ. ಅದೇ ಕೈಪಿಡಿ ಒಂದು ಬಸ್ಸನ್ನು 2.2ರಿಂದ 3.7 ಕಾರಿಗೆ ಸಮ ಎಂದು ಹಿಡಿಯುತ್ತದೆ. ನಮ್ಮ ಪೇಟೆಯಲ್ಲಿ ಬಸ್ಸುಗಳ ಪಾಲು ದೊಡ್ಡದು, ಟೈಮಿಂಗ್ ನಿಮಿಷಗಳಲ್ಲಿದೆ, ಕೈ ಅಡ್ಡ ಹಿಡಿದಲ್ಲಿ ನಿಲ್ಲಿಸುವ ರೂಢಿಯೂ ಇದೆ. ಕೆಲಸದ ಜಾಗದ ಆಚೀಚೆ ಇರುವ ಬಸ್ ನಿಲುಗಡೆಯನ್ನು ತಾತ್ಕಾಲಿಕವಾಗಿ ಸರಿಸುವಾಗ ಇಕ್ಕಟ್ಟು ದಾಟಿದ ನಂತರದ ಕಡೆಗೇ ಸರಿಸಬೇಕು. ಮೊದಲೇ ನಿಲ್ಲಿಸಿದರೆ ಹಿಂದಿನ ಸಾಲಿಗೆ ಹಸಿರು ಬಾವುಟ ಸಿಕ್ಕರೂ ಚಲಿಸಲಾಗದು.

ಅಗೆದ ಮಣ್ಣು ಎಷ್ಟು ಜಾಗ ತಿನ್ನುತ್ತದೆ ಎನ್ನುವುದನ್ನು ಹೆಚ್ಚಿನವರು ಗಮನಿಸುವುದಿಲ್ಲ. 0.9 ಮೀಟರ್ ಅಗಲ, 1.5 ಮೀಟರ್ ಆಳದ ಒಂದು ಕಣಿ ನೋಡಿ. ಒಂದು ಮೀಟರ್ ಉದ್ದಕ್ಕೆ 1.35 ಘನ ಮೀಟರ್ ಮಣ್ಣು ಹೊರಬರುತ್ತದೆ. ಸಡಿಲಾದ ಮಣ್ಣು ಕಾಲು ಭಾಗದಷ್ಟು ಉಬ್ಬುತ್ತದೆ, ಹಾಗಾಗಿ 1.7 ಘನ ಮೀಟರ್. ಇದನ್ನು ಬದಿಯಲ್ಲೇ ರಾಶಿ ಹಾಕಿದರೆ ರಾಶಿಯ ಬುಡ ಎರಡೂವರೆಯಿಂದ ಮೂರು ಮೀಟರ್ ಅಗಲ ಹರಡುತ್ತದೆ. ಕಣಿಯ ಅಂಚು ಜರಿಯದಿರಲು ನಡುವೆ ಅರ್ಧ ಮೀಟರಾದರೂ ಬಿಡಬೇಕು. 0.9 ಮೀಟರಿನ ಕಣಿಗೆ ಹೀಗೆ ಸುಮಾರು ನಾಲ್ಕು ಮೀಟರ್ ಮಾರ್ಗ ಹೋಯಿತು. ಮಾರ್ಗವನ್ನು ಮುಚ್ಚಿದ್ದು ಕಣಿಗಿಂತ ಹೆಚ್ಚಾಗಿ ಮಣ್ಣಿನ ರಾಶಿ.

ಅಗೆದ ಮಣ್ಣನ್ನು ನೇರ ಟಿಪ್ಪರಿಗೆ ತುಂಬಿದರೆ ಆ ಒಂದು ಲೇನು ಉಳಿಯುತ್ತದೆ. 100 ಮೀಟರ್ ಕಣಿಗೆ ಸುಮಾರು 60 ಯೂನಿಟ್ (ಒಂದು ಯೂನಿಟ್ ಎಂದರೆ 100 ಘನ ಅಡಿ), ಎರಡು ಯೂನಿಟ್ ಹಿಡಿಯುವ ಟಿಪ್ಪರಿನಲ್ಲಿ 30 ಲೋಡು. ಒಂದೇ ರಾತ್ರಿಯಲ್ಲಿ ಅಷ್ಟು ಸಾಗಿಸಲು ಆಗುವುದಿಲ್ಲ, ಹಾಗಾಗಿ ರಾಶಿ ಬಿದ್ದೇ ಬೀಳುತ್ತದೆ. 25 ಮೀಟರಿಗೆ ಏಳೆಂಟು ಲೋಡು ಸಾಕು. ಎರಡು ಟಿಪ್ಪರ್ ಇದ್ದರೆ ನಡುರಾತ್ರಿಯೊಳಗೆ ಜಾಗ ಖಾಲಿ. ಒಳಚರಂಡಿಯ ಸಣ್ಣ ಕೊಳವೆಗಳಲ್ಲಿ ಒಂದು ಮ್ಯಾನ್‌ಹೋಲಿನಿಂದ ಇನ್ನೊಂದಕ್ಕೆ ಇರುವ ಅಂತರವೂ ಸುಮಾರು 30 ಮೀಟರ್. ಆದ್ದರಿಂದ ಪೇಟೆಯ ನಡುವೆ ತೆರೆದ ಕಣಿ ಒಮ್ಮೆಗೆ 25ರಿಂದ 30 ಮೀಟರ್, ತುಂಬುವ ಮತ್ತು ಮೇಲ್ಮೈ ಹಾಕುವ ಭಾಗವೂ ಸೇರಿ ಅಡ್ಡಗಟ್ಟಿದ ಒಟ್ಟು ಉದ್ದ 100 ಮೀಟರ್ ಒಳಗೆ. ಇದನ್ನು ಟೆಂಡರಿನಲ್ಲೇ ಬರೆಯಬೇಕು. ಹಿಂದಿನ ತುಂಡು ಮುಚ್ಚಿ ಅಳತೆ ಪುಸ್ತಕದಲ್ಲಿ ದಾಖಲಾಗದೆ ಮುಂದಿನ ತುಂಡಿಗೆ ಹಿಟಾಚಿ ಇಳಿಯಬಾರದು ಎಂಬ ಷರತ್ತು ಇದ್ದರೆ ಮಾತ್ರ ಅದಕ್ಕೆ ಬೆಲೆ.

ಕಣಿಯೊಳಗೆ ಏನೇನಿದೆ ಎನ್ನುವುದು ಇನ್ನೊಂದು ತಲೆನೋವು. ನೀರಿನ ಹಳೆ ಕೊಳವೆ, ಅದರ ಪಕ್ಕ ಹೊಸ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್, ಹಳದಿ ಬಣ್ಣದ ಗ್ಯಾಸ್ ಪೈಪು, ಮೇಲ್ಮೈಗೆ ತೀರಾ ಹತ್ತಿರ ಆಪ್ಟಿಕಲ್ ಫೈಬರಿನ ಕೊಳವೆಗಳು. ಒಟ್ಟಿಗೆ ಹಾಕುವುದಾದರೆ ಕ್ರಮ ಸ್ಪಷ್ಟ: ಆಳದ್ದು ಮೊದಲು. ಒಳಚರಂಡಿ ಇಳಿಜಾರಿನ ಮೇಲೆ ಓಡುವಂಥದ್ದು, ಅದನ್ನು ಬೇಕಾದ ಹಾಗೆ ಎತ್ತಿ ಇಳಿಸಲಾಗದು. ಅದು ಕೂತ ಮೇಲೆ ಮಳೆನೀರಿನ ಚರಂಡಿ, ಆಮೇಲೆ ಕುಡಿಯುವ ನೀರು, ಅದೂ ಒಳಚರಂಡಿಗಿಂತ ಮೇಲಿನ ಮಟ್ಟದಲ್ಲಿ, ಆದಷ್ಟು ದೂರದಲ್ಲಿ. ಕೇಬಲ್ಲು, ಫೈಬರ್ ಕೊನೆಗೆ. ಹೊಸ ಮಾರ್ಗವಾದ ಆರು ತಿಂಗಳಿಗೆ ಮತ್ತೆ ಅಗೆಯುತ್ತಾರೆ ಎಂಬ ದೂರು ಹುಟ್ಟುವುದು ಈ ಕ್ರಮ ತಪ್ಪಿದಲ್ಲಿ. ಬೇರೆ ಬೇರೆ ಇಲಾಖೆಗೆ ಬೇರೆ ಬೇರೆ ತಿಂಗಳಲ್ಲಿ ಹಣ ಬರುತ್ತದೆ ಎನ್ನುವುದು ನಿಜ. ಅದಕ್ಕೆ ಪರಿಹಾರ ಎಂದರೆ ಮೇಲ್ಮೈ ಹಾಕುವ ಮೊದಲೇ ಖಾಲಿ ಕೊಳವೆಗಳನ್ನು ಮಾರ್ಗಕ್ಕೆ ಅಡ್ಡವಾಗಿ ಹೂತಿಡುವುದು. 30 ಮೀಟರಿಗೊಂದು ಕಡೆ, 150 ಮಿ.ಮೀ. ವ್ಯಾಸದ ಎರಡು ಖಾಲಿ ಪೈಪು, ಎರಡೂ ತುದಿಗೆ ಮುಚ್ಚಳ, ಬದಿಯ ಕಲ್ಲಿನ ಮೇಲೆ ಬಣ್ಣದ ಗುರುತು. ಕಾಂಕ್ರೀಟ್ ಮಾರ್ಗವನ್ನು ಮುಂದೆ ಕಡಿಯುವ ಖರ್ಚಿನ ಎದುರು ಇದು ಏನೂ ಅಲ್ಲ. ಹೊಸದಾಗಿ ಅಗೆಯುವ ಮೊದಲು ಯಂತ್ರ ಇಳಿಸದೆ, ಹಾರೆ ಪಿಕ್ಕಾಸಿನಲ್ಲಿ ಒಂದು ಮೀಟರ್ ಆಳದ ಪರೀಕ್ಷಾ ಹೊಂಡ ಅಡ್ಡಕ್ಕೆ ತೋಡಿ ನೋಡಬೇಕು. ನಕ್ಷೆಯಲ್ಲಿಲ್ಲದ ನೀರಿನ ಕೊಳವೆ ಹಿಟಾಚಿಯ ಹಲ್ಲಿಗೆ ಸಿಕ್ಕರೆ ಆ ಬೀದಿಗೆ ಎರಡು ದಿನ ನೀರಿಲ್ಲ, ಕಣಿಯಲ್ಲಿ ಮಾತ್ರ ಮೊಣಕಾಲುದ್ದ ನೀರು.

ನೀರು ನಿಂತ ಕಣಿ ನಮ್ಮ ಕಡೆ ಯಾಕೆ ಅಪಾಯ ಎನ್ನುವುದಕ್ಕೆ ಮಣ್ಣನ್ನು ನೋಡಬೇಕು. ಮೇಲೆ ಕೆಂಪುಕಲ್ಲು, ಗಟ್ಟಿ. ಅದರ ಅಡಿಯಲ್ಲಿ ಅನೇಕ ಕಡೆ ಶೇಡಿ ಮಣ್ಣು: ಬಿಳಿ, ನಸುಹಳದಿ, ಕೆಲವೆಡೆ ಗುಲಾಬಿ ಬಣ್ಣ, ಬೆರಳಲ್ಲಿ ಉಜ್ಜಿದರೆ ನುಣ್ಣಗೆ ಹುಡಿಯಾಗುವಂಥದ್ದು. ಒಣಗಿದ್ದಾಗ ಕಣಿಯ ಗೋಡೆ ಕೊರೆದಿಟ್ಟ ಹಾಗೆ ನೇರ ನಿಲ್ಲುತ್ತದೆ, ಆಸರೆ ಬೇಡ ಎನ್ನುವ ಭ್ರಮೆ ಹುಟ್ಟಿಸುತ್ತದೆ. ನೀರು ಕುಡಿದರೆ ನೀರುದೋಸೆಯ ಹಿಟ್ಟಿನಂತೆ ಹರಿಯುತ್ತದೆ. ಒಂದೂವರೆ ಮೀಟರಿಗಿಂತ ಆಳದ ಕಣಿಗೆ ಹಲಗೆ, ಅಡ್ಡಗಂಬ ಕೊಟ್ಟೇ ಕೆಲಸದವರನ್ನು ಇಳಿಸಬೇಕು. ಶೇಡಿ ಕಂಡಲ್ಲಿ ಅದಕ್ಕಿಂತ ಮೊದಲೇ ಕೊಡುವುದು ಒಳ್ಳೆಯದು. ಗೋಡೆ ಜರಿದರೆ ಕೆಳಗಿರುವವನಿಗೆ ಓಡಲು ಜಾಗವೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ.

ಅದೇ ಶೇಡಿಯನ್ನು ಮರಳಿ ಕಣಿಗೆ ತುಂಬುವುದು ಪೇಟೆಯ ಮಾರ್ಗಕ್ಕೆ ಮಾಡುವ ಅತಿ ದೊಡ್ಡ ಅನ್ಯಾಯ. ಪೈಪು ಕೂರಿಸಿ ಆಯಿತು, ಬದಿಯಲ್ಲಿದ್ದ ಮಣ್ಣನ್ನು ಜೇಸಿಬಿ ಬಕೆಟ್ಟಿನಿಂದ ಒಂದೇ ಸಲಕ್ಕೆ ತಳ್ಳಿ ಆಯಿತು, ಮೇಲಿಂದ ಬಕೆಟ್ಟಿನಿಂದಲೇ ನಾಲ್ಕು ಸಲ ತಟ್ಟಿ ಆಯಿತು. ಹೊರಗಿನಿಂದ ಸಮತಟ್ಟು ಕಾಣುತ್ತದೆ. ಒಳಗೆ ಹತ್ತರಲ್ಲಿ ಒಂದು ಭಾಗ ಗಾಳಿ ಉಳಿದಿದ್ದರೂ 1.5 ಮೀಟರ್ ಆಳಕ್ಕೆ 150 ಮಿ.ಮೀ. ಕುಸಿತ ಕಾದಿದೆ, ಇಪ್ಪತ್ತರಲ್ಲಿ ಒಂದಾದರೂ 75 ಮಿ.ಮೀ. ಮಳೆ ನೀರು ಇಳಿದು ಕಣಗಳನ್ನು ಒತ್ತಾಗಿಸಿದ ದಿನ ಅದು ಹೊರಗೆ ಬರುತ್ತದೆ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕುಸಿಯಲು ಬಹಳ ದಿನ ಕಾಯಬೇಕಾಗಿಲ್ಲ.

ಸರಿಯಾಗಿ ತುಂಬುವುದು ಹೀಗೆ. ಪೈಪಿನ ಅಡಿಗೆ ಮತ್ತು ಮೇಲೆ ಮೃದುವಾದ ಹಾಸು, ಕಲ್ಲಿನ ಚೂರು ಇಲ್ಲದ ಮರಳು ಅಥವಾ ಜಲ್ಲಿ ಹುಡಿ. ಪೈಪಿನ ಎರಡೂ ಬದಿಗೆ ಕಾಲಿನಿಂದಲೋ ಕೈದಿಮ್ಮಿಯಿಂದಲೋ ಒಟ್ಟಿಗೆ ತುಂಬಿಸಬೇಕು, ಒಂದೇ ಬದಿಗೆ ಸುರಿದರೆ ಪೈಪು ಸರಿಯುತ್ತದೆ. ಅದರ ಮೇಲೆ ಜಲ್ಲಿ ಮತ್ತು ಜಲ್ಲಿ ಹುಡಿಯ ಮಿಶ್ರಣ, 150 ಮಿ.ಮೀ. ಪದರದಲ್ಲಿ. ಪ್ರತಿ ಪದರಕ್ಕೂ ಸ್ವಲ್ಪ ನೀರು ಚಿಮುಕಿಸಿ, ನೆಲ ಗುದ್ದುವ ಯಂತ್ರವಾದ ರ್ಯಾಮರ್ ಓಡಿಸಬೇಕು. ತೇವ ಸರಿಯಾಗಿದೆಯೇ ಎಂದು ನೋಡಲು ಮುಷ್ಟಿಯಲ್ಲಿ ಹಿಡಿದು ಒತ್ತಿ: ಉಂಡೆ ಕಟ್ಟಬೇಕು, ಕೈ ಒದ್ದೆಯಾಗಬಾರದು. ರ್ಯಾಮರಿನ ಸದ್ದೂ ಹೇಳುತ್ತದೆ. ಮೊದಲ ಸುತ್ತಿನಲ್ಲಿ ಮಂದವಾಗಿ ಗುದ್ದಿದ್ದು ಮೂರನೆಯ ನಾಲ್ಕನೆಯ ಸುತ್ತಿಗೆ ಗಟ್ಟಿಯಾಗಿ ಎಗರತೊಡಗುತ್ತದೆ. ಎಗರುವುದಕ್ಕೆ ಮೊದಲು ನಿಲ್ಲಿಸಿದರೆ ಪದರ ಕೂತಿಲ್ಲ. ಒಂದೂವರೆ ಮೀಟರ್ ಕಣಿಗೆ ಇಂಥ ಎಂಟು ಹತ್ತು ಪದರ ಬೇಕು. 25 ಮೀಟರಿಗೆ ಒಂದು ಪಾಳಿಯ ಪೂರ್ತಿ ಕೆಲಸ ಇದು. 200 ಮೀಟರ್ ಅಗೆದಿಟ್ಟವರು ಇದಕ್ಕೆ ಹೊತ್ತು ಕೊಡಲಾರರು, ಯಾಕೆಂದರೆ ಅಷ್ಟರಲ್ಲಿ ಇಡೀ ಪೇಟೆ ‘ಬೇಗ ಮುಚ್ಚಿ’ ಎಂದು ಬೊಬ್ಬೆ ಹಾಕುತ್ತಿರುತ್ತದೆ. ಉದ್ದ ಅಗೆದದ್ದೇ ಕಳಪೆ ತುಂಬುವಿಕೆಗೆ ದಾರಿ ಮಾಡಿಕೊಡುತ್ತದೆ.

ತುಂಬಿದ ಮೇಲೆ ಇನ್ನೊಂದು ಹೆಜ್ಜೆ ಇದೆ, ಹೆಚ್ಚಾಗಿ ಬಿಟ್ಟುಹೋಗುವಂಥದ್ದು. ಕಣಿಯ ಎರಡೂ ಅಂಚಿನಿಂದ 200–300 ಮಿ.ಮೀ. ಹೊರಕ್ಕೆ ಮೇಲ್ಮೈಯನ್ನು ಕಟ್ಟರಿನಿಂದ ನೇರ ಕಡಿದು ತೆಗೆಯಬೇಕು. ಆಗ ಹೊಸ ಮೇಲ್ಮೈಯ ಎರಡೂ ಬದಿ ಅಲುಗಾಡದ ಹಳೆ ನೆಲದ ಮೇಲೆ ಊರುತ್ತದೆ. ಕಣಿಯ ಅಗಲಕ್ಕೆ ಸರಿಯಾಗಿ ಡಾಮರು ಹಾಕಿದರೆ ಜೋಡಣೆಯ ಗೆರೆಯಲ್ಲಿ ನೀರಿಳಿದು ಉದ್ದಕ್ಕೂ ಸೀಳು ಬಿಡುತ್ತದೆ, ಸ್ಕೂಟರಿನ ಮುಂಚಕ್ರ ಅದರಲ್ಲಿ ಸಿಕ್ಕಿ ತಿರುಗುತ್ತದೆ.

ಕಾಂಕ್ರೀಟ್ ಮಾರ್ಗದ ವಿಷಯಕ್ಕೆ ಬಂದರೆ, ನಮ್ಮ ಮಳೆಗೆ ಅದು ಡಾಮರಿಗಿಂತ ಒಗ್ಗುತ್ತದೆ ಎನ್ನುವುದರಲ್ಲಿ ಸಂಶಯವಿಲ್ಲ. ಮಂಗಳೂರಿನ ಪೇಟೆಯಲ್ಲಿ ಅದೇ ಕಾರಣಕ್ಕೆ ಅಷ್ಟು ಉದ್ದ ಕಾಂಕ್ರೀಟ್ ಹಾಕಿರುವುದು. ಆದರೆ ಅಡಿಯ ಕೆಲಸ ಮುಗಿಸದೆ ಕಾಂಕ್ರೀಟ್ ಹಾಕಿದರೆ ಶಿಕ್ಷೆ ದೊಡ್ಡದು. ಕಾಂಕ್ರೀಟ್ ಮಾರ್ಗ ಎಂದರೆ ಸುಮಾರು 4.5 ಮೀಟರಿಗೊಂದು ಅಡ್ಡ ಜೋಡು ಇರುವ ಚಪ್ಪಡಿಗಳ ಸಾಲು. ಅಡ್ಡ ಜೋಡುಗಳಲ್ಲಿ ನುಣ್ಣನೆಯ ಉಕ್ಕಿನ ಡೋವೆಲ್ ಸರಳು ಒಂದು ಚಪ್ಪಡಿಯ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಪೈಪಿಗಾಗಿ ನಡುವೆ ಅರ್ಧ ಮೀಟರ್ ಪಟ್ಟಿ ಕಡಿದು ಮತ್ತೆ ತುಂಬಿದರೆ ಆ ಪಟ್ಟಿಗೆ ಹಿಡಿತವಿಲ್ಲ, ಮೂಲೆಗಳು ಒಡೆಯುತ್ತವೆ. ಕಡಿಯಲೇಬೇಕಾದರೆ ಜೋಡಿನಿಂದ ಜೋಡಿಗೆ ಇಡೀ ಚಪ್ಪಡಿ ತೆಗೆಯಬೇಕು. 3.5 ಮೀಟರ್ ಅಗಲ, 4.5 ಮೀಟರ್ ಉದ್ದ, 200 ಮಿ.ಮೀ. ದಪ್ಪದ ಒಂದು ಚಪ್ಪಡಿಗೆ ಬೇಕಾದದ್ದು ಸುಮಾರು 3.15 ಘನ ಮೀಟರ್ ಕಾಂಕ್ರೀಟ್. ಪಟ್ಟಿಗಿಂತ ಖರ್ಚು ಜಾಸ್ತಿ, ಆದರೆ ಮತ್ತೆ ಮತ್ತೆ ಮಾಡಬೇಕಾಗುವುದಿಲ್ಲ. ನನ್ನ ಆಯ್ಕೆ ಕೇಳಿದರೆ, ಮಾರ್ಗದ ಎರಡೂ ಬದಿಗೆ ಒಂದರಿಂದ ಒಂದೂವರೆ ಮೀಟರ್ ಇಂಟರ್‌ಲಾಕ್ ಪಟ್ಟಿ ಬಿಟ್ಟು, ಉದ್ದಕ್ಕೆ ಹೋಗುವ ಎಲ್ಲ ಕೊಳವೆ, ಕೇಬಲ್ ಅದರಡಿಯಲ್ಲೇ ಓಡಬೇಕು. ಇಂಟರ್‌ಲಾಕ್ ಎತ್ತಿ, ಕೆಲಸ ಮಾಡಿ, ಮತ್ತೆ ಅದನ್ನೇ ಜೋಡಿಸಬಹುದು. ಬಸ್ಸಿನ ಚಕ್ರ ನೇರ ಓಡುವಲ್ಲಿ ಮಾತ್ರ ಅದನ್ನು ಹಾಕಬಾರದು. ಅಡಿಯ ಮರಳು ಜಾರಿ ಕಲ್ಲುಗಳು ಮೇಲೆ ಕೆಳಗಾಗುತ್ತವೆ.

ಕಾಂಕ್ರೀಟಿನಲ್ಲಿ ಅತಿ ಸೂಕ್ಷ್ಮದ ಹೊತ್ತು ಜೋಡು ಕಡಿಯುವುದು. ಹಾಕಿದ ಕಾಂಕ್ರೀಟ್ ಗಟ್ಟಿಯಾಗುತ್ತಾ ಕುಗ್ಗುತ್ತದೆ. ಕುಗ್ಗುವಾಗ ಬಿರುಕು ಬಿಡುವುದಂತೂ ಖಂಡಿತ, ನಾವು ಹೇಳಿದಲ್ಲಿ ಬಿಡುವಂತೆ ಮಾಡುವುದೇ ಜೋಡು. ಚಪ್ಪಡಿಯ ದಪ್ಪದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗ ಆಳಕ್ಕೆ, 3ರಿಂದ 5 ಮಿ.ಮೀ. ಅಗಲದಲ್ಲಿ ಕಡಿಯಬೇಕು. ಮಾರ್ಚ್ ಏಪ್ರಿಲ್‌ನ ಸೆಕೆಯಲ್ಲಿ ಆ ಹೊತ್ತು ಆರರಿಂದ ಎಂಟು ಗಂಟೆಯೊಳಗೇ ಬಂದುಬಿಡುತ್ತದೆ. ಒಂದಡಿ ಕಡಿದು ನೋಡಬೇಕು: ಅಂಚಿನಿಂದ ಜಲ್ಲಿ ಕಿತ್ತು ಬರುತ್ತಿದ್ದರೆ ಬೇಗ ಆಯಿತು, ಅರ್ಧ ಗಂಟೆ ಕಾಯಬೇಕು, ಬ್ಲೇಡಿಗಿಂತ ಮುಂದೆ ಬಿರುಕು ಓಡುತ್ತಿದ್ದರೆ ತಡವಾಯಿತು. ಸಂಜೆ ಏಳಕ್ಕೆ ಹಾಕಿದ್ದನ್ನು ರಾತ್ರಿ ಒಂದರಿಂದ ಮೂರರೊಳಗೆ ಕಡಿಯಬೇಕು. ಕಟ್ಟರಿನವನನ್ನು ಮನೆಗೆ ಕಳಿಸಿ ಬೆಳಗ್ಗೆ ಬಾ ಎಂದರೆ, ಬೆಳಗ್ಗೆ ಅವನಿಗಿಂತ ಮೊದಲು ಬಿರುಕು ಬಂದಿರುತ್ತದೆ.

ಕಾಂಕ್ರೀಟಿಗೆ ಕನಿಷ್ಠ 14 ದಿನ ಒದ್ದೆ ಗೋಣಿ ಹೊದೆಸಿ, ಕಟ್ಟೆ ಕಟ್ಟಿ ನೀರು ನಿಲ್ಲಿಸಬೇಕು. ಸಾಮಾನ್ಯ ಮಿಶ್ರಣವಾದರೆ ವಾಹನ ಬಿಡುವುದು 28 ದಿನಕ್ಕೆ. ಇಲ್ಲಿಂದ ಕ್ಯಾಲೆಂಡರನ್ನು ಹಿಂದಕ್ಕೆ ಎಣಿಸಿ ನೋಡಿ. ಜೂನ್ 1ರ ಆಸುಪಾಸಿಗೆ ಮಳೆಯೂ ಬರುತ್ತದೆ, ಶಾಲೆಯೂ ಶುರು. ಅಷ್ಟರೊಳಗೆ ಮಾರ್ಗ ಬಿಡಬೇಕೆಂದರೆ ಕೊನೆಯ ಕಾಂಕ್ರೀಟ್ ಮೇ 4ರೊಳಗೆ ಬೀಳಬೇಕು. ಅದರಡಿಯ ಕಣಿಗಳು ಏಪ್ರಿಲ್ ಮಧ್ಯದೊಳಗೆ ಮುಚ್ಚಿರಬೇಕು. ಏಪ್ರಿಲ್–ಮೇಯಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ಇಳಿದಿರುತ್ತದೆ, ಕುಡಿಯುವ ನೀರಿಗೇ ಸರದಿ ಬರುವ ಹೊತ್ತಿನಲ್ಲಿ ಮಾರ್ಗಕ್ಕೆ ನೀರು ಹಾಯಿಸುವುದು ಕಷ್ಟ. ಹಾಗಾಗಿ ಕಾಂಕ್ರೀಟಿಗೆ ಒಳ್ಳೆಯ ಕಾಲ ಜನವರಿ ಕೊನೆಯಿಂದ ಮಾರ್ಚ್. ಕಣಿಯ ಕೆಲಸ ಅದಕ್ಕೂ ಮೊದಲು, ಅಕ್ಟೋಬರ್ ನಡುವಿನಿಂದ ಡಿಸೆಂಬರ್ ಮೊದಲ ವಾರದವರೆಗೆ. ನಡುವೆ ಜನವರಿಯಲ್ಲಿ ಕೃಷ್ಣ ಮಠದ ಸಪ್ತೋತ್ಸವ, ಮಕರ ಸಂಕ್ರಾಂತಿಯ ಮೂರು ತೇರು. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ. ಜೋಡುಕಟ್ಟೆಯಿಂದ ರಥಬೀದಿಗೆ ಮೆರವಣಿಗೆ ಬರುವ ಮಾರ್ಗದಲ್ಲಿ ಡಿಸೆಂಬರ್ ಮಧ್ಯದ ನಂತರ ಹೊಸ ಕಣಿ ತೆರೆಯುವುದೇ ಬೇಡ. ರಥಬೀದಿಯ ಸುತ್ತ ತುಂಬಿದ ಕಣಿಯ ಮೇಲೆ ತೇರಿನ ಚಕ್ರ ಹೋಗುತ್ತದೆ ಎಂಬುದನ್ನು ತುಂಬುವಾಗಲೇ ನೆನಪಿಡಬೇಕು.

ಈಗಿನ ರೂಢಿಯಲ್ಲಿ ಆಗುವುದೇ ಬೇರೆ. ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಮಂಜೂರಾತಿ, ಮಾರ್ಚಿನಲ್ಲಿ ಅಗೆತ, ಏಪ್ರಿಲ್‌ನಲ್ಲಿ ಪೈಪು, ಮೇ ಕೊನೆಗೆ ಅವಸರದ ಮುಚ್ಚುವಿಕೆ. ಮಳೆಗಾಲದ ಎರಡು ತಿಂಗಳು, ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮಲ್ಪೆಯ ಮೀನಿನ ಲಾರಿಗಳು ಕಡಿಮೆ. ಆದರೆ ಆಗ ನೆಲ ಮುಟ್ಟುವಂತಿಲ್ಲ. ಟೆಂಡರ್, ಪರೀಕ್ಷಾ ಹೊಂಡ, ನಕ್ಷೆ, ಇಲಾಖೆಗಳ ಒಪ್ಪಿಗೆ ಎಲ್ಲವನ್ನೂ ಮಳೆಗಾಲದಲ್ಲೇ ಮುಗಿಸಿ ಅಕ್ಟೋಬರಿಗೆ ಯಂತ್ರ ಇಳಿಸುವುದು ಸಾಧ್ಯ. ಅದಕ್ಕೆ ಬೇಕಾದದ್ದು ಕಡತದ ಮೇಲಿನ ಶ್ರಮ, ಹಣ ಹೆಚ್ಚು ಬೇಡ.

ಕೆಲಸದ ಜಾಗದ ಫಲಕಗಳ ಬಗ್ಗೆ ಐಆರ್‌ಸಿ ಎಸ್‌ಪಿ 55 ಕೈಪಿಡಿಯಲ್ಲಿ ಎಲ್ಲವೂ ಇದೆ: ಮುನ್ನೆಚ್ಚರಿಕೆಯ ಭಾಗ, ಲೇನು ಕಿರಿದಾಗುವ ಭಾಗ, ಕೆಲಸದ ಭಾಗ, ಮತ್ತೆ ಸಹಜಕ್ಕೆ ಮರಳುವ ಭಾಗ. ಪೇಟೆಯಲ್ಲಿ ಮುಖ್ಯವಾಗಿ ತಪ್ಪುವುದು ಮೊದಲನೆಯದು. ‘ಮುಂದೆ ಕಾಮಗಾರಿ, ಬದಲಿ ಮಾರ್ಗ ಬಳಸಿ’ ಎಂಬ ಫಲಕ ಹೊಂಡದ ಎದುರೇ ಇದ್ದರೆ ಅದು ಯಾರಿಗೂ ಉಪಯೋಗವಿಲ್ಲ, ತಿರುಗಿಸಲು ಜಾಗವೇ ಇರುವುದಿಲ್ಲ. ಹೆಬ್ರಿ ಕಡೆಯಿಂದ ಬರುವ ಲಾರಿಗೆ ಪರ್ಕಳದಲ್ಲೇ ಗೊತ್ತಾಗಬೇಕು. ಕುಂದಾಪುರ ಕಡೆಯಿಂದ ಮಣಿಪಾಲಕ್ಕೆ ಹೊರಟವರಿಗೆ ಅಂಬಾಗಿಲಿನಲ್ಲೇ ಪೆರಂಪಳ್ಳಿ ಮಾರ್ಗ ತೋರಿಸಿದರೆ ಅವರು ಕಲ್ಸಂಕಕ್ಕೆ ಬರುವುದೇ ಇಲ್ಲ. ಬಾವುಟದವರು ಇಬ್ಬರಿರಬೇಕು, ಇಬ್ಬರ ಕೈಯಲ್ಲೂ ವಾಕಿಟಾಕಿ ಇರಬೇಕು. ಆಂಬುಲೆನ್ಸ್ ಸದ್ದು ಕೇಳಿದ ಕೂಡಲೇ ಎರಡೂ ಕಡೆ ತಡೆದು ಒಳಗಿನ ಲೇನು ಖಾಲಿ ಮಾಡಲು, 100 ಮೀಟರ್ ಆದರೆ 25 ಸೆಕೆಂಡ್ ಸಾಕು. ಉದ್ದ ಜಾಸ್ತಿಯಾದರೆ ಅದೂ ಆಗದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಮಿನ ಪ್ರಕಾರ ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಯಾದವರಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಗುತ್ತಿಗೆದಾರರಿಗೆ ಇದನ್ನು ನೆನಪಿಸುವುದರಲ್ಲಿ ತಪ್ಪಿಲ್ಲ.

ಅಂಗಡಿಯವರಿಗೆ ಬೇಕಾದದ್ದು ಹೆಚ್ಚೇನೂ ಅಲ್ಲ. ಪ್ರತಿ ಬಾಗಿಲಿಗೆ ಹಿಡಿಕಂಬಿ ಇರುವ, ಒಂದು ಮೀಟರ್ ಅಗಲದ ಹಲಗೆ ಅಥವಾ ತಗಡಿನ ಕಿರುಸೇತುವೆ. ಕಣಿಗೂ ಅಂಗಡಿಗೂ ನಡುವೆ ನಡೆಯಲು ಹಗ್ಗ ಕಟ್ಟಿದ ದಾರಿ. ಸಾಮಾನು ಇಳಿಸಲು ಬೆಳಗ್ಗೆ ಎಂಟರೊಳಗೆ ಒಂದು ಹೊತ್ತು. ತಮ್ಮ ಎದುರಿನ ತುಂಡು ಯಾವ ದಿನ ತೆರೆಯುತ್ತದೆ, ಯಾವ ದಿನ ಮುಚ್ಚುತ್ತದೆ ಎಂಬ ಚೀಟಿ ಒಂದು ವಾರ ಮೊದಲು. ಆರು ದಿನ ಎಂದು ಹೇಳಿ ಆರೇ ದಿನಕ್ಕೆ ಮುಗಿಸಿದರೆ ಯಾವ ಅಂಗಡಿಯವರೂ ಜಗಳಕ್ಕೆ ಬರುವುದಿಲ್ಲ. ರಾತ್ರಿ ಮುಚ್ಚಲಾಗದ ಅಡ್ಡ ಕಣಿಗೆ 20–25 ಮಿ.ಮೀ. ದಪ್ಪದ ಉಕ್ಕಿನ ಹಾಳೆ ಹಾಸಬಹುದು. ಎರಡೂ ಬದಿಗೆ 300 ಮಿ.ಮೀ. ಊರಿರಬೇಕು, ಅಂಚಿಗೆ ಡಾಮರು ಮಿಶ್ರಣದ ಇಳಿಜಾರು ಕೊಡಬೇಕು, ಮೇಲ್ಮೈ ತರಿತರಿ ಇರಬೇಕು. ನುಣ್ಣನೆಯ ಹಾಳೆ ಒದ್ದೆಯಾದರೆ ಸ್ಕೂಟರ್ ಜಾರುವುದು ನಿಶ್ಚಿತ.

ಮಳೆ ನೀರಿನ ವಿಷಯ ಒಂದೇ ಮಾತಿನಲ್ಲಿ ಮುಗಿಯುವಂಥದ್ದಲ್ಲ, ಆದರೂ ಮುಖ್ಯವಾದದ್ದು ಇಷ್ಟು. 2020ರ ಸೆಪ್ಟೆಂಬರ್ 20ರ ನೆರೆಯಲ್ಲಿ ಕಲ್ಸಂಕ, ಮಠದ ಪಾರ್ಕಿಂಗ್ ಸುತ್ತ ನೀರು ನಿಂತದ್ದನ್ನು ಉಡುಪಿಯವರು ಮರೆತಿಲ್ಲ. ಇಂದ್ರಾಣಿ ತೋಡಿನ ದಾರಿ ಅದು. ಆ ಕಡೆಗೆ ಇಳಿಯುವ ಪ್ರತಿ ಚರಂಡಿಯ ಬಾಯಿಯನ್ನೂ ಕಾಮಗಾರಿಯ ಮಣ್ಣು, ಜಲ್ಲಿ ಹುಡಿ ಮುಚ್ಚದಂತೆ ಗೋಣಿ ಚೀಲದ ಕಟ್ಟೆ ಇಡಬೇಕು, ಮೇ ಮಧ್ಯದಲ್ಲಿ ಮುಚ್ಚಳ ಎತ್ತಿ ಒಳಗಿನ ಹೂಳು ತೆಗೆಯಬೇಕು. ಹಳೆ ಡಾಮರಿನ ಮೇಲೆ ಹೊಸ ಪದರ ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯದಿದ್ದರೆ ಮಾರ್ಗ ಅಂಗಡಿ ಮೆಟ್ಟಿಲಿಗಿಂತ ಎತ್ತರವಾಗಿ ನೀರು ಒಳಗೆ ಹರಿಯುತ್ತದೆ.

ಮಳೆಯ ನಡುವೆ ಬಿದ್ದ ಹೊಂಡಕ್ಕೆ ಕೆಂಪು ಮಣ್ಣು ಸುರಿಯುವುದು ಹಣ ನೀರಿಗೆ ಹಾಕಿದ ಹಾಗೆಯೇ. ಒಂದು ಮೀಟರ್ ಅಗಲದ ಹೊಂಡ ಬಸ್ಸನ್ನು ಫಸ್ಟ್ ಗೇರಿಗೆ ಇಳಿಸಿದರೆ ಎರಡು ಸೆಕೆಂಡಿಗೊಂದು ದಾಟುತ್ತಿದ್ದ ವಾಹನ ನಾಲ್ಕು ಸೆಕೆಂಡಿಗೊಂದು ಆಗುತ್ತದೆ, ಅಂದರೆ ಯಾರೂ ಅಗೆಯದೆಯೇ ಮಾರ್ಗದ ಸಾಮರ್ಥ್ಯ ಅರ್ಧ. ಹೊಂಡವನ್ನು ಚೌಕಾಕಾರಕ್ಕೆ ಕಡಿದು, ಅಂಚು ನೇರ ಮಾಡಿ, ನೀರು ಕೆಸರು ಬಳಿದು ತೆಗೆದು, ಬಿಸಿ ಮಾಡದೆ ಹಾಕುವ, ಚೀಲದಲ್ಲಿ ಬರುವ ಡಾಮರು ಮಿಶ್ರಣ ಕೋಲ್ಡ್ ಮಿಕ್ಸ್ ಅನ್ನು 50–75 ಮಿ.ಮೀ. ಪದರದಲ್ಲಿ ಹಾಕಿ ಗುದ್ದಿ, ಸುತ್ತಲಿನ ಮಟ್ಟಕ್ಕಿಂತ 5–10 ಮಿ.ಮೀ. ಎತ್ತರ ನಿಲ್ಲಿಸಬೇಕು. ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಟ್ಯಾಕ್ ಕೋಟ್ (ಹೊಸ ಪದರ ಅಂಟಲು ತೆಳುವಾದ ಡಾಮರು) ಹೊಡೆದು ಬಿಸಿ ಡಾಮರಿನಲ್ಲಿ ಶಾಶ್ವತ ತೇಪೆ. ಮಿಶ್ರಣದ ಬಿಸಿ 100 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದರೊಳಗೆ ರೋಲರ್ ಮುಗಿದಿರಬೇಕು.

ಜೂನ್‌ನ ಮೊದಲ ದೊಡ್ಡ ಮಳೆ ಬಿಟ್ಟ ಒಂದು ಗಂಟೆಗೆ ಹೊಸ ಮಾರ್ಗದ ಉದ್ದಕ್ಕೂ ನಡೆದು ನೋಡಿ. ತುಂಬಿದ ಕಣಿಯ ಗೆರೆಯಲ್ಲಿ ನೀರು ನಿಂತಿದ್ದರೆ ಅಲ್ಲಿ ನೆಲ ಕೂತಿದೆ. ಅಡ್ಡಕ್ಕೆ ಮೂರು ಮೀಟರಿನ ನೇರ ಪಟ್ಟಿಯೋ ಬಿಗಿ ಹಿಡಿದ ದಾರವೋ ಇಟ್ಟು, ಸ್ಕೇಲಿನಿಂದ ಕುಸಿತ ಎಷ್ಟು ಮಿ.ಮೀ. ಎಂದು ಅಳೆದು, ಪಕ್ಕದ ದೀಪದ ಕಂಬದ ನಂಬರು, ತಾರೀಕು ಕಾಣುವ ಹಾಗೆ ಫೋಟೊ ತೆಗೆಯಿರಿ. ಕಾಮಗಾರಿ ಫಲಕದಲ್ಲಿರುವ ನಿರ್ವಹಣಾ ಹೊಣೆಯ ಅವಧಿ ಮುಗಿಯುವ ಮೊದಲು ಇದನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಪಡೆದುಕೊಂಡರೆ, ಆ ತುಂಡನ್ನು ಮತ್ತೆ ತೆಗೆದು ಪದರ ಪದರವಾಗಿ ತುಂಬುವ ಖರ್ಚು ಗುತ್ತಿಗೆದಾರರದ್ದು. ತೇಪೆ ಹಾಕಿ ಮಟ್ಟ ಮಾಡುತ್ತೇನೆ ಎಂದರೆ ಒಪ್ಪಬೇಡಿ. ಕೂತದ್ದು ಅಡಿಯ ಪದರ.